ಒಂಬತ್ತು ಉಸಿರು, ಒಂದು ನಿಟ್ಟುಸಿರು

ಬೀಗ ಹಾಕಿದ ಬಾಗಿಲಿನ ಆಚೆ ಯಾರೋ ಉಸಿರಾಡುತ್ತಿದ್ದರು.

ಹಗಲು ಹನ್ನೊಂದೂವರೆ. ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಎದುರಿನ ಸೈಕಲ್ ಅಂಗಡಿಯವನು ಟ್ಯೂಬಿಗೆ ತೇಪೆ ಹಾಕುತ್ತ ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದ. ಹೆದರುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಆದರೂ ನನ್ನ ಕೈ ಬೀಗದ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತು.

ಒಳಗೆ ಎಳೆದುಕೊಳ್ಳುವ ಸದ್ದು. ಹೊರಗೆ ಬಿಡುವ ಸದ್ದು. ನಡುವೆ ತೊಗಲು ಕಿರುಗುಟ್ಟುವ ಸಣ್ಣ ದನಿ.

"ಎಣಿಸಿ ಮೇಡಂ," ಪುಟ್ಟಿ ಪಿಸುಗುಟ್ಟಿದಳು.

ಎಣಿಸಿದೆ. ಒಂಬತ್ತು ಸಲ ಒಂದೇ ಅಳತೆ. ಹತ್ತನೆಯದು ಉದ್ದ, ಆಳ. ದಿನವಿಡೀ ದುಡಿದ ಹೆಂಗಸು ಕೊನೆಗೆ ಕೂತಾಗ ಬಿಡುವಂಥ ನಿಟ್ಟುಸಿರು. ಮತ್ತೆ ಒಂದರಿಂದ ಶುರು.

"ಇದು ನಮ್ಮಮ್ಮನ ಉಸಿರು," ಅಂದಳು ಅವಳು. "ಅಮ್ಮ ಹೋಗಿ ಆರು ವರ್ಷ ಆಯ್ತು."

ಪುಟ್ಟಿ ಅಂದರೆ ಪುಟ್ಟ ಹುಡುಗಿ ಅಂದುಕೊಳ್ಳಬೇಡಿ. ಮೂವತ್ತೆರಡು ವರ್ಷದ, ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರನ್ನೇ ಗದರಿಸುವ ನರ್ಸು. ಅವಳ ಅಪ್ಪ ತಿದಿ ಮೇಸ್ತ್ರಿ ಇದೇ ಕಟ್ಟಡದ ಮೆಟ್ಟಿಲಿಂದ ಬಿದ್ದು ಸತ್ತು ಮೂರು ವಾರ. ಅವರ ಉಸಿರಾಟದ ಯಂತ್ರದ ಪೇಟೆಂಟ್ ಅರ್ಜಿಯನ್ನು ಪೂರ್ತಿ ಮಾಡಿಕೊಡುವ ಗಡುವು ನಾಳೆ ಸಂಜೆ ಐದಕ್ಕೆ ಮುಗಿಯುತ್ತದೆ. ಯಂತ್ರದ ಗುಟ್ಟು ಬರೆದಿಟ್ಟ ಏಳನೆಯ ನೋಟುಬುಕ್ಕು ಕಾಣೆ. ಇಷ್ಟು ಗೊತ್ತಿದ್ದರೆ ಸಾಕು.

ನಾನು ದೆವ್ವ ನಂಬುವವಳಲ್ಲ. ಇಪ್ಪತ್ತೆಂಟು ವರ್ಷ ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕಿಯಾಗಿದ್ದವಳು. ಎಂದೂ ನಿಲ್ಲದ ಚಕ್ರ ಕಂಡುಹಿಡಿದೆ ಅಂತ ಬಂದವರನ್ನು ನೀರು ಕುಡಿಸಿ ಮನೆಗೆ ಕಳಿಸಿದವಳು. ಬಂದ ಅರ್ಜಿಗೆಲ್ಲ ತಕರಾರು ಹಾಕುತ್ತೇನೆಂದು ಬೆನ್ನ ಹಿಂದೆ ನನ್ನನ್ನು ತಕರಾರಮ್ಮ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಮುಖದ ಮೇಲೇ ಅನ್ನುತ್ತಾರೆ. ಈಗ ಕದ್ದ ಕಸುಬನ್ನು ಹುಡುಕಿಕೊಡುವುದೇ ನನ್ನ ಕಸುಬು.

"ಬೀಗದ ಕೈ ಎಷ್ಟಿವೆ?"

"ಒಂದೇ. ಇದು. ಅಪ್ಪ ಹೋದಾಗಿಂದ ನನ್ನ ಕುತ್ತಿಗೆಯಲ್ಲೇ ಇದೆ."

ನಾವಿಬ್ಬರೂ ಅರ್ಧ ಗಂಟೆಯಿಂದ ಸೈಕಲ್ ಅಂಗಡಿಯ ಬೆಂಚಿನ ಮೇಲೆ, ಈ ಬಾಗಿಲಿಗೆ ಎದುರಾಗಿಯೇ ಕೂತಿದ್ದೆವು. ಯಾರೂ ಒಳಗೆ ಹೋಗಿರಲಿಲ್ಲ. ಯಾರೂ ಹೊರಗೆ ಬಂದಿರಲಿಲ್ಲ.

ಬಾಗಿಲು ತೆಗೆದಳು.

ಎಣ್ಣೆ, ತೊಗಲು, ಹಳೇ ಅಂಟಿನ ವಾಸನೆ. ಗೋಡೆಯ ಮೊಳೆಗಳಲ್ಲಿ ಗಾಳಿಯೂದುವ ತಿದಿಗಳು ತೂಗುತ್ತಿದ್ದವು: ಕುಲುಮೆಯ ದೊಡ್ಡ ತಿದಿ, ಅಕಾರ್ಡಿಯನ್ನಿನ ಮಡಿಕೆ ತಿದಿ, ಹಳೆಯ ಕ್ಯಾಮೆರಾದ ಅಂಗೈಯಗಲದ ತಿದಿ. ಎಲ್ಲವೂ ಊರಿನವರು ರಿಪೇರಿಗೆ ಕೊಟ್ಟವು. ಮನುಷ್ಯ ಒಬ್ಬನೂ ಇರಲಿಲ್ಲ. ಒಂದೇ ಕಿಟಕಿ, ಅದಕ್ಕೆ ಕಬ್ಬಿಣದ ಸರಳು.

ನಡುಮೇಜಿನ ಮೇಲೆ ಯಂತ್ರ ಏಳುತ್ತ ಇಳಿಯುತ್ತ ಇತ್ತು.

ಕರೆಂಟು ಬೇಡದ ಯಂತ್ರ ಅದು. ತೊಲೆಯಿಂದ ಸರಪಳಿಯಲ್ಲಿ ತೂಗುವ ಕಬ್ಬಿಣದ ಭಾರ ಮೆಲ್ಲಗೆ ಕೆಳಗಿಳಿಯುತ್ತ ತಿದಿಯನ್ನು ಆಡಿಸುತ್ತದೆ. ಭಾರ ನೆಲ ಮುಟ್ಟಲು ನಲವತ್ತು ನಿಮಿಷ. ಮುಟ್ಟಿದರೆ ಉಸಿರು ನಿಂತಿತು. ಮತ್ತೆ ಹಿಡಿ ತಿರುಗಿಸಿ ಏರಿಸಬೇಕು. ಕರೆಂಟು ಹೋದ ವಾರ್ಡಿನಲ್ಲಿ, ದೂರದ ಆಂಬುಲೆನ್ಸಿನಲ್ಲಿ ಒಂದು ಜೀವ ಉಳಿಸಲು ಅಷ್ಟು ಸಾಕು.

ಭಾರ ಈಗ ಸರಿಯಾಗಿ ನಡುಮಟ್ಟದಲ್ಲಿತ್ತು.

"ಇಪ್ಪತ್ತು ನಿಮಿಷದ ಹಿಂದೆ ಯಾರೋ ಏರಿಸಿದ್ದಾರೆ," ಅಂದೆ. ಅಂದಮೇಲೆ ಆ ಮಾತು ನನಗೇ ಕೇಳಿಸಿತು. ಆಗ ನಾವು ಈ ಬಾಗಿಲಿಗೆ ಎದುರಾಗಿಯೇ ಕೂತಿದ್ದೆವು.

ಪುಟ್ಟಿ ಯಂತ್ರದ ಹತ್ತಿರ ಹೋಗಲಿಲ್ಲ. "ಅದಲ್ಲ ಮೇಡಂ. ಅಪ್ಪ ಇರೋವಾಗ ಇದು ನಿಟ್ಟುಸಿರು ಬಿಡ್ತಾನೇ ಇರ್ಲಿಲ್ಲ. ಒಂಬತ್ತಕ್ಕೆ ಬಂದು ಸಿಕ್ಕಿಹಾಕ್ಕೊಳ್ತಿತ್ತು. ಅಮ್ಮ ಮಲಗಿದ್ದಾಗ ಅಪ್ಪ ಪಕ್ಕದಲ್ಲಿ ಕೂತು ಉಸಿರು ಎಣಿಸ್ತಿದ್ರು. ಆ ಹತ್ತನೇದು ಬಂದ್ರೇನೇ ಅವಳಿಗೆ ಸಮಾಧಾನ. ಅದು ನಿಂತ ದಿನ ಅವಳೂ ನಿಂತಳು. ಆರು ವರ್ಷ ಅಪ್ಪ ಆ ಹತ್ತನೇ ಉಸಿರಿಗೋಸ್ಕರ ಒದ್ದಾಡಿದ್ರು."

"ಈಗ ಬರ್ತಿದೆ."

"ಅದೇ. ಯಾರು ಸರಿ ಮಾಡಿದ್ದು?"

ಮೊಣಕಾಲು ಬೈಯುತ್ತಿದ್ದರೂ ಬಗ್ಗಿ ಮೇಜಿನ ಕೆಳಗೆ ನೋಡಿದೆ. ನೆಲದ ಮೇಲೆ ಒಂದು ಚಿಟಿಕೆ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು. ಸುತ್ತ ಧೂಳು, ಪುಡಿಯ ಮೇಲೆ ಮಾತ್ರ ಇಲ್ಲ.

"ನೆಲ ಯಾವಾಗ ಗುಡಿಸಿದ್ದು?"

"ಅಪ್ಪನ್ನ ಕಳಿಸಿಕೊಟ್ಟ ಮಾರನೇ ದಿನ. ಆಮೇಲೆ ಒಳಗೆ ಬಂದಿಲ್ಲ. ಬರೋಕೆ ಧೈರ್ಯ ಆಗ್ಲಿಲ್ಲ."

ಹಿಂಗೋಡೆಗೆ ಒತ್ತಿ ನಿಲ್ಲಿಸಿದ್ದ ಮರದ ಬೀರುವಿನಲ್ಲಿ ಆರು ನೋಟುಬುಕ್ಕುಗಳಿದ್ದವು. ತೆರೆದು ನೋಡಿದೆ, ಮೇಸ್ತ್ರಿಯ ಮೇಲೆ ಪ್ರೀತಿಯೇ ಹುಟ್ಟಿತು. ಎಲ್ಲ ಹಸಿರು ಶಾಯಿ. ಒಂದು ಹಾಳೆಯೂ ಹರಿದಿಲ್ಲ. ತಪ್ಪಾದರೆ ಅಳಿಸಿಲ್ಲ, ಒಂದೇ ಗೆರೆ ಎಳೆದಿದ್ದಾರೆ. ಖಾಲಿ ಉಳಿದ ಜಾಗಕ್ಕೆ ಓರೆಗೆರೆ, ಆಮೇಲೆ ಯಾರೂ ಏನೂ ಸೇರಿಸದಂತೆ. ಪ್ರತಿ ಪುಟದ ಮೇಲ್ಗಡೆ ಕಂಡುಹಿಡಿದವರ ಸಹಿ. ಕೆಳಗೆ ಸಾಕ್ಷಿಯ ಗೆರೆ: 'ಓದಿದೆ, ಅರ್ಥವಾಯಿತು', ಸಹಿ, ತಾರೀಖು.

ಸಾಕ್ಷಿಯ ಸಹಿ ಎಲ್ಲ ಪುಟದಲ್ಲೂ ಒಬ್ಬರದೇ. ಪುಟ್ಟಿಯ ಸೋದರಮಾವ. ಮನೆಯ ಕಾಗದಕ್ಕೆಲ್ಲ ಅವರೇ ಸಾಕ್ಷಿ ಹಾಕುತ್ತಿದ್ದುದರಿಂದ ಅವರಿಗೆ ಸಾಕ್ಷಿಮಾವ ಎಂದೇ ಹೆಸರು.

"ಈ ಹಸಿರು ಪೆನ್ನೆಲ್ಲಿ?"

"ಮಣ್ಣು ಮಾಡೋವಾಗ ಅಪ್ಪನ ಜೇಬಿಗೆ ಸಿಕ್ಕಿಸಿ ಕಳಿಸಿದೆ. ಅವರು ಬೇರೆ ಪೆನ್ನಲ್ಲಿ ಬರೀತಾನೇ ಇರ್ಲಿಲ್ಲ." ಅವಳು ನನ್ನ ಕೈಯಲ್ಲಿದ್ದ ಪುಟದ ಸಹಿಯನ್ನು ಮುಟ್ಟಿದಳು. "ಮೇಡಂ, ಜೀವಮಾನವಿಡೀ ಬೇರೆಯವರ ಮಾಲು ರಿಪೇರಿ ಮಾಡಿದ್ರು. ಯಾವುದರ ಮೇಲೂ ಅವರ ಹೆಸರಿಲ್ಲ. ಈ ಒಂದು ಕಾಗದದ ಮೇಲಾದ್ರೂ ಇರ್ಲಿ. ನಂಗೆ ಬೇರೇನೂ ಬೇಡ."

ನಾನು ಸಮಾಧಾನದ ಮಾತು ಬಲ್ಲವಳಲ್ಲ. ಪುಟ ತಿರುವಿದೆ. ಪ್ರತಿ ಚಿತ್ರದಲ್ಲೂ ಒಂದು ವಿಚಿತ್ರ ಕಂಡಿತು. ಯಾವುದೋ ಒಂದು ಭಾಗದಲ್ಲಿ ಕೆಲಸವಿಲ್ಲದ ಒಂದು ಪುಟ್ಟ ತೂತು. ಒಳಗೆ ಹೋಗಿ ಅರ್ಧಕ್ಕೇ ನಿಲ್ಲುತ್ತದೆ.

ಕೇಳಿದ್ದಕ್ಕೆ ಪುಟ್ಟಿ ಆ ದಿನ ಮೊದಲ ಸಲ ನಕ್ಕಳು. "ಅದು ಸೋಮಾರಿ ತೂತು. ಬೇಕಂತಲೇ ಹಾಕ್ತಿದ್ರು. ತಿಳ್ಕೊಂಡು ಮಾಡೋನು ಅದನ್ನ ಬಿಟ್ಟುಬಿಡ್ತಾನೆ, ಕದ್ದು ಮಾಡೋನು ಅದನ್ನೂ ನಿಷ್ಠೆಯಿಂದ ಕೊರೀತಾನೆ ಅಂತಿದ್ರು."

ಕಳ್ಳನಿಗೊಂದು ಪಿಳ್ಳೆ ನೆವ ಸಾಕು ಅನ್ನುತ್ತಾರೆ. ಮೇಸ್ತ್ರಿ ಕಳ್ಳನಿಗೆ ಮೊದಲೇ ತೂತು ಕೊರೆದಿಟ್ಟಿದ್ದರು. ಭಲೇ ಅಂದುಕೊಂಡೆ.

ಆಗಲೇ ನನ್ನ ಕೈಯಲ್ಲಿದ್ದ ಹಾಳೆ ತಾನಾಗಿ ಅಲುಗಿತು. ಬೀರುವಿನ ಹಿಂದಿನಿಂದ ತಣ್ಣನೆಯ ಗಾಳಿ ಬಂದು ಬೆರಳು ಸವರಿತು. ತಿರುಗಿ ನೋಡಿದೆ. ಕಿಟಕಿ ಮುಚ್ಚಿಯೇ ಇತ್ತು.

"ಬಾಗಿಲು ಹಾರುಹೊಡೆದು ಕೂತಿದ್ದೀರಲ್ಲ!"

ಇಬ್ಬರೂ ಬೆಚ್ಚಿಬಿದ್ದೆವು. ಹೊಸ್ತಿಲಲ್ಲಿ ಸಾಕ್ಷಿಮಾವ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ, ಹಣೆಯ ಮೇಲೆ ಬೆವರು. ಯಂತ್ರದ ಕಡೆ ನೋಡಿದರು. ಅದು ನಿಟ್ಟುಸಿರು ಬಿಟ್ಟಿತು. ಮಾವನ ಮುಖ ಸುಣ್ಣವಾಯಿತು.

"ಯಾರು ಏರ್ಸಿದ್ದು ಇದನ್ನ?"

"ನಾವೂ ಅದನ್ನೇ ಕೇಳ್ತಿದ್ದೀವಿ," ಅಂದೆ.

ಅವರು ನಕ್ಷೆಯನ್ನು ಮೇಜಿನ ತುದಿಯಲ್ಲಿ ಬಿಚ್ಚಿದರು. "ಪುಟ್ಟಿ, ಕೇಳಮ್ಮ. ಏಳನೇ ಬುಕ್ ಸಿಗಲ್ಲ. ನಾಳೆ ಸಂಜೆ ದಾಟಿದ್ರೆ ನಿನಗೂ ಇಲ್ಲ, ನನಗೂ ಇಲ್ಲ. ನಿಟ್ಟುಸಿರಿನ ಕವಾಟ, ಅದೇ ಆ ವಾಲ್ವು, ಅದರ ನಕ್ಷೆ ನನ್ನ ಹತ್ರ ಇದೆ. ನಾನೇ ಯೋಚಿಸಿದ್ದು. ನಾಳೆ ನನ್ನ ಹೆಸರಲ್ಲಿ ಕೊಡ್ತೀನಿ. ನೀನು ಒಪ್ಪಿದೆ ಅಂತ ಒಂದು ಸಹಿ ಹಾಕು."

"ನಿನ್ನ ಹೆಸರಲ್ಲಾ ಮಾವ?"

"ಹೆಸರು ಯಾರದಾದ್ರೇನು? ನಿಮ್ಮಮ್ಮ ನನ್ನ ಅಕ್ಕ ಕಣೇ! ಆ ಉಸಿರು ನಾನೂ ಕೇಳಿ ಬೆಳೆದಿದ್ದು. ಅದು ಮಣ್ಣುಪಾಲಾಗೋದನ್ನ ನೋಡ್ಕೊಂಡು ಕೂರ್ಲಾ?"

ಪುಟ್ಟಿಯ ಕಣ್ಣು ತುಂಬಿತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಸುಳ್ಳು ಹೇಳುವವನು ಪೂರ್ತಿ ಸುಳ್ಳು ಹೇಳಿದರೆ ಸುಲಭ. ಅರ್ಧ ನಿಜ ಬೆರೆಸಿದರೆ ಒಳ್ಳೆಯವರು ಕರಗಿಬಿಡುತ್ತಾರೆ.

"ತಡೀರಿ," ಅಂದೆ. "ಪೇಟೆಂಟ್ ಅಂದ್ರೆ ಕೊಟ್ಟು ತಗೊಳ್ಳೋ ವ್ಯವಹಾರ. ಗುಟ್ಟನ್ನ ಲೋಕಕ್ಕೆ ಬಿಚ್ಚಿಡಬೇಕು, ಕಸುಬು ಬಲ್ಲ ಇನ್ನೊಬ್ಬ ಓದಿಕೊಂಡು ಅದನ್ನೇ ಮಾಡೋ ಹಾಗೆ. ಆಗ ಸರ್ಕಾರ ಇಪ್ಪತ್ತು ವರ್ಷ ಬೇರೆಯವರು ಮಾಡದ ಹಾಗೆ ತಡೆಯೋ ಹಕ್ಕು ಕೊಡತ್ತೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದ್ರೆ ನಡೆಯಲ್ಲ. ನಾನೇ ಪರೀಕ್ಷಕಿ ಅಂದ್ಕೊಳ್ಳಿ. ಈ ಕವಾಟದಲ್ಲಿ ಈ ತೂತು ಯಾಕಿದೆ?"

ಮಾವ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಅದು... ಗಾಳಿ ಹೋಗೋಕೆ."

"ಎಲ್ಲಿಗೆ?"

"ಆ ಕಡೆಗೆ."

"ಪಕ್ಕದಲ್ಲೇ ಸೀಳಿ ತೋರಿಸಿದ ಚಿತ್ರ ಇದೆ ನೋಡಿ. ಅರ್ಧಕ್ಕೇ ನಿಂತಿದೆ. ಆ ಕಡೆ ಗಟ್ಟಿ ಹಿತ್ತಾಳೆ. ಒಳಗೆ ಹೋದ ಗಾಳಿ ಏನು ಮಾಡತ್ತೆ, ತಪ್ಪಾಯ್ತು ಅಂತ ವಾಪಸ್ ಬರತ್ತಾ?"

ಮಾವ ನಕ್ಷೆಯನ್ನು ಮತ್ತೆ ಸುರುಳಿ ಸುತ್ತಲು ನೋಡಿದರು.

"ಸೋಮಾರಿ ತೂತು ಮಾವ," ಪುಟ್ಟಿ ಮೆಲ್ಲಗೆ ಅಂದಳು. "ಅಪ್ಪಂದು. ನೀನು ಅದನ್ನೂ ಕಾಪಿ ಹೊಡೆದಿದ್ದೀಯ."

"ನೋಟುಬುಕ್ಕು ಎಲ್ಲಿ?" ಅಂದೆ ನಾನು. "ಅದರಲ್ಲಿ ನಿಮ್ಮ ಸಾಕ್ಷಿ ಸಹಿ ಇರತ್ತೆ, ಅದಕ್ಕೇ ಮುಚ್ಚಿಟ್ಟಿದ್ದೀರಿ. 'ಓದಿದೆ, ಅರ್ಥವಾಯಿತು' ಅಂತ ಸಹಿ ಹಾಕೋದು ಅಂದ್ರೆ ಏನು? ಇದು ಇನ್ನೊಬ್ಬರ ಕೆಲಸ, ನಾನು ಬರೀ ನೋಡಿದವನು ಅಂತ ಬರೆದುಕೊಟ್ಟ ಹಾಗೆ. ಸಾಕ್ಷಿಯ ಗೆರೆ ಮೇಲೆ ಹೆಸರಿದ್ದೋರು ಕಂಡುಹಿಡಿದೋರು ಆಗಲ್ಲ. ಯಾವ ಕಾಲಕ್ಕೂ ಆಗಲ್ಲ."

ಮಾವ ಕುಸಿದು ಸ್ಟೂಲಿನ ಮೇಲೆ ಕೂತರು. ಇಂಗು ತಿಂದ ಮಂಗನಂತಾಗಿತ್ತು ಮುಖ. ಆದರೆ ಆ ಕಣ್ಣಲ್ಲಿ ಸಿಕ್ಕಿಬಿದ್ದ ನಾಚಿಕೆಗಿಂತ ಬೇರೆ ಏನೋ ಇತ್ತು. ಅದು ಭಯ.

"ಬುಕ್ ನಾನು ಕದ್ದಿಲ್ಲ," ಅಂದರು. "ಪುಟ್ಟಿ ಆಣೆಗೂ ಇಲ್ಲ. ಹಾಳೆಗಳು ಅಂಚೇಲಿ ಬಂದ್ವು."

"ಅಂಚೇಲಿ?"

"ಭಾವ ಹೋದ ಮೇಲೆ. ವಾರಕ್ಕೊಂದು."

ಒಳಜೇಬಿನಿಂದ ಎರಡು ಹಾಳೆ ತೆಗೆದುಕೊಟ್ಟರು. ನೋಟುಬುಕ್ಕಿನಿಂದ ಅಂಚು ಕೆಡದಂತೆ ಬಿಡಿಸಿದ ಹಾಳೆ. ಹಸಿರು ಶಾಯಿ, ಮೇಸ್ತ್ರಿಯ ಗೆರೆ, ಅರ್ಧಕ್ಕೆ ನಿಂತ ಸೋಮಾರಿ ತೂತು. ಮೇಲೆ ಮೇಸ್ತ್ರಿಯ ಸಹಿ. ಕೆಳಗೆ ಸಾಕ್ಷಿಯ ಗೆರೆ ಖಾಲಿ.

"ಪತ್ರ ಇತ್ತಾ ಜೊತೆಗೆ?"

"ಒಂದಕ್ಷರ ಇಲ್ಲ. ಭಾವನೇ ಹೋಗೋಕೆ ಮುಂಚೆ ಯಾರಿಗೋ ಹೇಳಿ ನನಗೆ ಕೊಡಿಸ್ತಿದ್ದಾರೆ ಅಂದ್ಕೊಂಡೆ. ನನಗೇ ಬಿಟ್ಟುಕೊಟ್ಟಿದ್ದಾರೆ ಅಂತ."

ನನಗೆ ನಗು ಬಂತು, ಅಳುವೂ ಬಂತು. ಈ ಮನೆಯವರು ಮಾತ್ರ ಮಾಡಬಲ್ಲ ತಪ್ಪು ಅದು. "ಕೊಟ್ಟಿದ್ದಲ್ಲ ಮಾರಾಯರೇ. ಈ ಮನೇಲಿ ಹಾಳೆ ತುಂಬಿದ ತಕ್ಷಣ ಎಲ್ಲಿಗೆ ಹೋಗ್ತಿತ್ತು? ನಿಮ್ಮ ಹತ್ರ, ಸಹಿಗೆ. ಯಾರೋ ಅದೇ ಪದ್ಧತಿ ಮುಂದುವರಿಸಿದ್ದಾರೆ. ನಿಮ್ಮಿಂದ ಕೇಳಿದ್ದು ಒಂದು ಸಹಿ, ಅಷ್ಟೆ."

ಮಾವ ನನ್ನನ್ನು ನೋಡಲಿಲ್ಲ. ಬೀರುವಿನ ಕಡೆ ನೋಡುತ್ತಿದ್ದರು.

"ಇನ್ನೊಂದಿದೆ," ಅಂದರು. "ಇವತ್ತು ಬೆಳಿಗ್ಗೆ ಬಂತು. ನಿಮಗೆ ತೋರಿಸಬಾರ್ದು ಅಂದ್ಕೊಂಡಿದ್ದೆ."

ಮೂರನೆಯ ಲಕೋಟೆ. ಮುದ್ರೆ ನಿನ್ನೆಯದು. ಒಳಗಿನ ಹಾಳೆ ಏಳನೆಯ ನೋಟುಬುಕ್ಕಿನ ಕೊನೆಯ ಪುಟ. ಅದೇ ಕವಾಟ, ಅದೇ ಹಸಿರು ಶಾಯಿ. ಒಂದೇ ವ್ಯತ್ಯಾಸ: ಸೋಮಾರಿ ತೂತು ಅರ್ಧಕ್ಕೆ ನಿಂತಿರಲಿಲ್ಲ. ಆ ಕಡೆಯವರೆಗೂ ಹೋಗಿತ್ತು.

ಗೋಡೆಯಿಂದ ಒಂದು ಸಣ್ಣ ತಂತಿ ಕಿತ್ತುಕೊಂಡು ಯಂತ್ರದ ಹತ್ತಿರ ಹೋದೆ. ಕವಾಟದ ತೂತಿಗೆ ತೂರಿಸಿದೆ. ತಂತಿ ಆ ಕಡೆಯಿಂದ ಹೊರಬಂತು. ನೆಲದ ಮೇಲಿನ ಹಿತ್ತಾಳೆ ಪುಡಿ ಇಲ್ಲಿಯದೇ. ಆರು ವರ್ಷ ಮೇಸ್ತ್ರಿ ಕಳ್ಳರಿಗೆಂದು ಇಟ್ಟ ತೂತಿನಲ್ಲೇ ಹತ್ತನೆಯ ಉಸಿರು ಅಡಗಿ ಕೂತಿತ್ತು. ಯಾರೋ ಅದನ್ನು ಕಂಡರು. ಸೋಮಾರಿಯನ್ನು ದುಡಿಯಲು ಹಚ್ಚಿದರು.

"ಅಪ್ಪನೇ ಕಂಡುಹಿಡಿದ್ರು!" ಪುಟ್ಟಿ ಹಾಳೆ ಕಸಿದುಕೊಂಡಳು. ಅವಳ ದನಿ ಅರಳಿತ್ತು. "ಮೇಡಂ, ಅಪ್ಪನ ಸಹಿ ಇದೆ. ಇಷ್ಟು ಸಾಕಲ್ವಾ? ನಾಳೆ ಕೊಡಬಹುದಲ್ವಾ?"

ಸಹಿ ಇತ್ತು, ನಿಜ. ತಾರೀಖು ಮೇಸ್ತ್ರಿ ಮೆಟ್ಟಿಲಿಂದ ಬಿದ್ದ ದಿನದ್ದು.

ಆದರೆ ಸಹಿ ಇದ್ದದ್ದು ಪುಟದ ಮೇಲ್ಗಡೆ ಅಲ್ಲ. ಕೆಳಗೆ. ಸಾಕ್ಷಿಯ ಗೆರೆಯ ಮೇಲೆ.

'ಓದಿದೆ, ಅರ್ಥವಾಯಿತು.'

ಮೇಲೆ, ಕಂಡುಹಿಡಿದವರ ಜಾಗದಲ್ಲಿ, ಅಕ್ಷರ ಇರಲಿಲ್ಲ. ಎಣ್ಣೆಯಲ್ಲಿ ಅದ್ದಿ ಒತ್ತಿದ ಒಂದು ಹೆಬ್ಬೆರಳ ಗುರುತಿತ್ತು.

ಪುಟ್ಟಿಗೂ ಕಂಡಿತು. ಹಾಳೆಯನ್ನು ಮೇಜಿನ ಮೇಲಿಟ್ಟಳು. ಅದರ ಅರ್ಥ ಕೇಳುವ ಅಗತ್ಯ ಇರಲಿಲ್ಲ; ಎರಡು ನಿಮಿಷದ ಹಿಂದೆ ನಾನೇ ಗಂಟಲು ಹರಿಯುವಂತೆ ಹೇಳಿದ್ದೆ. ಸಾಕ್ಷಿಯ ಗೆರೆ ಮೇಲೆ ಹೆಸರಿದ್ದವರು ಕಂಡುಹಿಡಿದವರು ಆಗಲ್ಲ. ಯಾವ ಕಾಲಕ್ಕೂ ಆಗಲ್ಲ. ಮಾವನಿಗೆಂದು ತೋಡಿದ ಗುಂಡಿಗೆ ಮೇಸ್ತ್ರಿಯನ್ನು ತಳ್ಳಿದ್ದೆ. ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು.

"ಭಾವನ ಹೆಸರು ಹಾಕಿ ಕೊಟ್ಟುಬಿಡಿ," ಅಂದರು ಮಾವ ಪಿಸುದನಿಯಲ್ಲಿ. "ಯಾರಿಗೆ ಗೊತ್ತಾಗತ್ತೆ?"

"ಅರ್ಜಿಯಲ್ಲಿ ಬರೆದುಕೊಡಬೇಕು, ನಿಜವಾಗಿ ಮೊದಲು ಕಂಡುಹಿಡಿದೋರು ಇವರೇ ಅಂತ. ಪುಟ್ಟಿ ಸಹಿ ಹಾಕಬೇಕು."

"ಕಂಡುಹಿಡಿದಿದ್ದು ತಾನಲ್ಲ ಅಂತ ಅಪ್ಪನೇ ಬರೆದಿಟ್ಟು ಹೋಗಿದ್ದಾರೆ," ಅಂದಳು ಪುಟ್ಟಿ. "ಅವರು ಸುಳ್ಳಿಗೆ ಸಹಿ ಹಾಕಿದೋರಲ್ಲ."

ಅಷ್ಟರಲ್ಲಿ ಠಣ್ ಎಂದಿತು.

ಭಾರ ನೆಲ ಮುಟ್ಟಿತ್ತು. ಸರಪಳಿ ಸಡಿಲವಾಯಿತು. ತಿದಿ ಒಂದು ಸಲ ಏಳಲು ನೋಡಿ, ಆಗದೆ, ಮಡಿಕೆ ಮಡಿಕೆಯಾಗಿ ಮಲಗಿತು.

ಉಸಿರು ನಿಲ್ಲಲಿಲ್ಲ.

ಮೂವರೂ ಯಂತ್ರವನ್ನೇ ನೋಡುತ್ತಿದ್ದೆವು. ಅದು ಅಲುಗುತ್ತಿರಲಿಲ್ಲ. ಉಸಿರು ಬರುತ್ತಿದ್ದುದು ಬೀರುವಿನ ಹಿಂದಿನಿಂದ. ಇದರಲ್ಲಿ ತೊಗಲಿನ ಕಿರುಗುಟ್ಟು ಇರಲಿಲ್ಲ. ತೇವದ ಉಸಿರು, ಎದೆಯಿರುವವರ ಉಸಿರು. ನನಗರಿವಿಲ್ಲದೆ ಎಣಿಸುತ್ತಿದ್ದೆ. ಏಳು. ಎಂಟು. ಒಂಬತ್ತು.

ಹತ್ತನೆಯದು ಗೋಡೆಯ ಆಚೆಯಿಂದ ನಿಟ್ಟುಸಿರಾಗಿ ಬಂತು.

ಮಾವ ಸ್ಟೂಲಿನಿಂದೆದ್ದು ಹಿಂದೆ ಸರಿದು ಬಾಗಿಲಿಗೆ ಒರಗಿಬಿಟ್ಟರು. "ಅಕ್ಕ..." ಅಂದರು. ನಾನು ಅವರನ್ನು ಗದರಿಸಬೇಕಿತ್ತು. ಬದಲಿಗೆ ಮೇಜಿನ ಅಂಚು ಹಿಡಿದುಕೊಂಡೆ. ನಿಜ ಹೇಳುತ್ತೇನೆ, ಅಷ್ಟು ಹೆದರಿದ್ದೆ.

ಬೀರುವಿನ ಕೆಳಗಿನ ಸಂದಿಯಿಂದ ಒಂದು ಹಾಳೆ ಸರಿದು ಬಂತು. ಮೆಲ್ಲಗೆ, ಆ ಕಡೆಯಿಂದ ಯಾರೋ ಬೆರಳಲ್ಲಿ ತಳ್ಳಿದಂತೆ. ಅದೇ ಕವಾಟದ ಚಿತ್ರ. ತೂತು ಆ ಕಡೆಯವರೆಗೂ ಹೋಗಿತ್ತು. ಗೆರೆ ಮಾತ್ರ ಮೇಸ್ತ್ರಿಯದಲ್ಲ. ನಡುಗುವ ಕೈಯದು, ಆದರೆ ಒಂದೂ ತಪ್ಪಿಲ್ಲ. ಮೇಲ್ಗಡೆ ಹೆಬ್ಬೆರಳ ಗುರುತು. ಎಣ್ಣೆ ಇನ್ನೂ ಹಸಿ. ಕೆಳಗೆ ಸಾಕ್ಷಿಯ ಗೆರೆ ಖಾಲಿ.

ಹಾಳೆಯ ಹಿಂದೆಯೇ ಒಂದು ಪೆನ್ನು ಉರುಳಿಕೊಂಡು ಬಂದು ಪುಟ್ಟಿಯ ಕಾಲಿಗೆ ತಾಗಿ ನಿಂತಿತು.

ಅವಳು ಬಗ್ಗಿ ಎತ್ತಿಕೊಂಡಳು. ಮುಚ್ಚಳ ತೆಗೆದಳು. ಅಂಗೈ ಮೇಲೆ ಒಂದು ಗೆರೆ ಎಳೆದುಕೊಂಡಳು. ಹಸಿರು.

"ಇದು ಅಪ್ಪನ ಪೆನ್ನು," ಅಂದಳು. "ನಾನೇ ಅವರ ಜೇಬಿಗೆ ಸಿಕ್ಕಿಸಿದ್ದೆ ಮೇಡಂ. ಮುಖ ಮುಚ್ಚೋಕೆ ಮುಂಚೆ ಇನ್ನೊಂದು ಸಲ ಮುಟ್ಟಿ ನೋಡಿದ್ದೆ. ಇತ್ತು."

ಅವಳು ಹಾಳೆಯ ಮುಂದೆ ಮಂಡಿಯೂರಿದಳು. ಖಾಲಿ ಗೆರೆಯ ಮೇಲೆ ಪೆನ್ನಿನ ಮೊನೆ ಇಟ್ಟು, ಬರೆಯದೆ, ನನ್ನ ಕಡೆ ತಿರುಗಿದಳು.

"ಇದು ಈ ಹೆಬ್ಬೆರಳಿನೋರ ಕೆಲಸ ಅಂತ ಇಲ್ಲಿ ನಾನು ಸಹಿ ಹಾಕಿದ್ರೆ ಅಪ್ಪನ ಹೆಸರು ಹೋಯ್ತು. ಅಲ್ವಾ ಮೇಡಂ?"

ಗೋಡೆಯ ಆಚೆ ಮತ್ತೆ ಎಣಿಕೆ ಶುರುವಾಗಲಿಲ್ಲ. ಅಲ್ಲಿದ್ದವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.